ಮಗಳಿಗೊಂದು ಪತ್ರ: ಗೇಮ್ ಆಡಿದ ಕೈ, ಹೊಲಿಗೆ ಹಾಕುವ ಕೈ

ಪುಟ್ಟಿ,

ಸರ್ಜರಿ ಪಿಜಿ ಶುರುವಾಯಿತಲ್ಲ, ಇನ್ನು ವಿಡಿಯೋ ಗೇಮ್ ಆಡೋದನ್ನ ಬಿಟ್ಟುಬಿಡಬೇಕಾ ಅಂತ ಕೇಳಿದ್ದೀಯ. ಬಿಡಬೇಕಿಲ್ಲ. ಅದು ನಿನಗೆ ಏನು ಕಲಿಸಿದೆ, ಏನು ಕಲಿಸಿಲ್ಲ ಅನ್ನೋದನ್ನ ಬೇರ್ಪಡಿಸಿಕೊ. ಆಗ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಸ್ಕ್ರೀನ್ ನೋಡಿಕೊಂಡು ಮಾಡುವ ಆಪರೇಷನ್, ಬೇಗ ಕೈಗೆ ಹತ್ತುತ್ತೆ.

ಗೇಮ್ ಆಡುವ ಸರ್ಜನ್ನರ ಕೈ ಚುರುಕು ಅನ್ನೋ ಮಾತಿನ ಹಿಂದೆ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಜೇಮ್ಸ್ ರೋಸರ್ ಮತ್ತು ಸಂಗಡಿಗರು ಮಾಡಿ, 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅದರಲ್ಲಿದ್ದವರು 33 ಮಂದಿ ಸರ್ಜನ್ನರು. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದವರು 37% ಕಡಿಮೆ ತಪ್ಪು ಮಾಡಿದರು, 27% ಬೇಗ ಮುಗಿಸಿದರು. ಆದರೆ ಅಳತೆ ನಡೆದದ್ದು ತರಬೇತಿಯ ಕಸರತ್ತುಗಳಲ್ಲಿ, ರೋಗಿಯ ಹೊಟ್ಟೆಯೊಳಗೆ ಅಲ್ಲ. ಆಟದಿಂದ ಕೈ ಪಳಗಿತೋ, ಪಳಗುವ ಕೈಯವರೇ ಆಟಕ್ಕೆ ಒಲಿದರೋ ಅನ್ನೋದು ಅದರಿಂದ ತಿಳಿಯೋದಿಲ್ಲ. ಹಾಗಾಗಿ ಆ ಅಂಕಿ ನೋಡಿ ಹಿಗ್ಗಬೇಡ.

ನನಗೆ ಮುಖ್ಯ ಅನಿಸೋದು ಬೇರೆ. ಗೇಮಿನಲ್ಲಿ ಬಿದ್ದರೆ ಬಿದ್ದ ಕ್ಷಣವೇ ಗೊತ್ತಾಗುತ್ತೆ, ಐದು ಸೆಕೆಂಡಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ ನಿಲ್ಲಬಹುದು. ಕಲಿಕೆಗೆ ಇಷ್ಟು ಒಳ್ಳೆ ಏರ್ಪಾಟು ಆಪರೇಷನ್ ಥಿಯೇಟರಿನಲ್ಲಿ ಇಲ್ಲ, ಇರಲೂಬಾರದು. ಅದಕ್ಕೇ ರೂಮಿನಲ್ಲೇ ಕೈ ಪಳಗಿಸೋಕೆ, ಹೊಟ್ಟೆಯ ಬದಲಿಗೆ, ಒಂದು ಅಭ್ಯಾಸದ ಪೆಟ್ಟಿಗೆ ಮಾಡಿಕೊ.

ಸುಮಾರು 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರದ, ಒಳಗೆ ಕಾಣದಂಥ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳಕ್ಕೆ 15 ಸೆಂ.ಮೀ. ಅಂತರದಲ್ಲಿ ಎರಡು ತೂತು ಹೊಡೆದು, ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಅದರಲ್ಲಿ ಸಣ್ಣ ಸೀಳು ಬಿಡು. ರಬ್ಬರ್ ಇಲ್ಲದಿದ್ದರೆ ಉಪಕರಣ ತೂತಿನ ಅಂಚಿಗೆ ಬಡಿದು ಜಾರುತ್ತೆ. ಎರಡು ತೂತುಗಳ ನಡುವೆ ಕ್ಯಾಮೆರಾ. ವೈರ್ ಇರುವ ವೆಬ್‌ಕ್ಯಾಮ್ ತಗೊ. ವೈಫೈ ಮೇಲೆ ಬರುವ ಚಿತ್ರ ಒಂದಿಷ್ಟು ತಡವಾಗುತ್ತೆ. ಆ ತಡಕ್ಕೆ ಒಗ್ಗಿದ ಕೈ ತಪ್ಪನ್ನೇ ಕಲಿಯುತ್ತೆ. ಆಟೋಫೋಕಸ್ ಆಫ್ ಮಾಡು, ಇಲ್ಲದಿದ್ದರೆ ಉಪಕರಣ ಅಲ್ಲಾಡಿದಾಗೆಲ್ಲ ಚಿತ್ರ ಮಸುಕಾಗುತ್ತೆ. ಎಲ್‌ಇಡಿ ಪಟ್ಟಿಯನ್ನು ಕ್ಯಾಮೆರಾದ ಹಿಂಬದಿಗೆ ಅಂಟಿಸು, ಮುಂದಿದ್ದರೆ ಕಣ್ಣು ಕೋರೈಸುತ್ತೆ. ಸ್ಕ್ರೀನ್ ನೇರ ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಹಿಡಿಗಳು ಮೊಣಕೈ ಎತ್ತರಕ್ಕೆ ಬರಬೇಕು. ಮೇಜು ಎತ್ತರವಾದರೆ ಭುಜ ಮೇಲೇರಿ, ಕಾಲು ಗಂಟೆಯಲ್ಲೇ ನೋವು ಶುರು. 5 ಮಿ.ಮೀ. ಇಕ್ಕಳಗಳನ್ನು ವಿಭಾಗದಲ್ಲಿ ಕೇಳಿಯೇ ತಗೊ, ಸ್ಟೆರಿಲೈಸ್ ಆದವನ್ನು ಮಾತ್ರ.

ಮೊದಲು ಗೊಂದಲ ಮಾಡೋದು ದಿಕ್ಕು. ಪೋರ್ಟು, ಅಂದರೆ ಉಪಕರಣ ಒಳಹೋಗುವ ತೂತು, ಸನ್ನೆಗೋಲಿನ ಆನಿಕೆ ಇದ್ದ ಹಾಗೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತೆ. ಕಂಟ್ರೋಲರಿನಲ್ಲಿ ವೈ-ಆಕ್ಸಿಸ್ ತಿರುಗಿಸಿಕೊಂಡು, ಅಂದರೆ ಮೇಲೆ-ಕೆಳಗೆ ಅದಲುಬದಲು ಮಾಡಿಕೊಂಡು, ಆಡಿದವಳಿಗೆ ಇದು ಪೂರ್ತಿ ಹೊಸದೇನಲ್ಲ. ಹೊಸದು ಯಾವುದೆಂದರೆ ಸೆನ್ಸಿಟಿವಿಟಿ, ಅಂದರೆ ಕೈ ಇಷ್ಟು ಅಲುಗಿದರೆ ತುದಿ ಎಷ್ಟು ಓಡುತ್ತೆ ಅನ್ನೋದು. ಗೇಮಿನಲ್ಲಿ ಅದನ್ನು ಒಮ್ಮೆ ಹೊಂದಿಸಿದರೆ ಮುಗಿಯಿತು. ಇಲ್ಲಿ ಉಪಕರಣ ಹೆಚ್ಚು ಒಳಗಿದ್ದಷ್ಟೂ ಕೈಯ ಅದೇ ಚಲನೆಗೆ ತುದಿ ಹೆಚ್ಚು ದೂರ ಓಡುತ್ತೆ. ಅರ್ಧ ಒಳಗೆ, ಅರ್ಧ ಹೊರಗೆ ಇದ್ದಾಗ ಕೈಯ ಚಲನೆ, ತುದಿಯ ಚಲನೆ ಎರಡೂ ಸಮ. ಪೆಟ್ಟಿಗೆಯೊಳಗೆ ಅಭ್ಯಾಸ ಮಾಡುವ ಹಲಗೆಯನ್ನು ಆ ಅಳತೆಗೆ ಹತ್ತಿರ ಇಡು.

ಹಲಗೆಗೆ 12 ಮೊಳೆ ಹೊಡಿ, ಎಡಕ್ಕೆ ಆರು, ಬಲಕ್ಕೆ ಆರು. ರಬ್ಬರ್ ನಳಿಕೆಯಿಂದ ಆರು ಬಳೆ ಕತ್ತರಿಸಿಕೊ. ಎಡಗೈ ಇಕ್ಕಳದಲ್ಲಿ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಬಲದ ಮೊಳೆಗೆ ಇಳಿಸು. ಆರೂ ಮುಗಿದ ಮೇಲೆ ಅದೇ ರೀತಿ ವಾಪಸ್ಸು. ಲ್ಯಾಪ್ರೋಸ್ಕೋಪಿಯ ಮೂಲ ಕೌಶಲ ಅಳೆಯುವ ಅಮೆರಿಕದ ಎಫ್‌ಎಲ್‌ಎಸ್ ಪರೀಕ್ಷೆಯ ಮೊದಲ ಕಸರತ್ತು ಇದೇ. ಗಡುವು 300 ಸೆಕೆಂಡು. ತರಬೇತಿಯಲ್ಲಿ ಪಳಗಿದ ಕೈಗೆ ಇಟ್ಟ ಗುರಿ 48 ಸೆಕೆಂಡು. ಮೊದಲ ವಾರ ಗಡಿಯಾರವನ್ನೇ ನೋಡಬೇಡ. ಬಳೆ ಬೀಳೋದು ಹೆಚ್ಚಾಗಿ ದಾಟಿಸುವಾಗ: ಬಲಗೈ ಬಿಗಿಯಾಗಿ ಹಿಡಿಯುವ ಮೊದಲೇ ಎಡಗೈ ಬಿಟ್ಟಿರುತ್ತೆ. ಇಕ್ಕಳದ ಬಾಯಿ ಬಳೆಯ ಮುಂದೆ ಗಾಳಿಯನ್ನೇ ಕಚ್ಚಿದರೆ ಆಳ ತಪ್ಪಿದೆ ಅಂತ. ಚಪ್ಪಟೆ ಚಿತ್ರದಲ್ಲಿ ಆಳ ಕಾಣೋದಿಲ್ಲ. ಬಳೆಯನ್ನು ಮೆಲ್ಲಗೆ ತಾಗಿಸು, ಅದು ಅಲುಗಿದ ಮೇಲೆ ಬಾಯಿ ಮುಚ್ಚು.

ಅದು ಕೂತ ಮೇಲೆ ಹೊಲಿಗೆ. 2-0 ದಪ್ಪದ ರೇಷ್ಮೆ ದಾರ, 15 ಸೆಂ.ಮೀ. ಸಾಕು, ಉದ್ದವಾದರೆ ಪೆಟ್ಟಿಗೆಯೊಳಗೆ ಸಿಕ್ಕಾಗುತ್ತೆ. ಸೂಜಿಯನ್ನು ತುದಿಯಿಂದ ಮೂರನೇ ಎರಡು ಭಾಗ ಬಿಟ್ಟು ಹಿಡಿ, ಹೊಲಿಯೋಕೆ ಇಟ್ಟ ರಬ್ಬರ್ ತುಂಡಿಗೆ ನೇರವಾಗಿ ಚುಚ್ಚು, ಆಮೇಲೆ ತಳ್ಳದೆ ಮಣಿಕಟ್ಟು ತಿರುಗಿಸು. ತಳ್ಳಿದರೆ ತೂತು ಹಿಗ್ಗುತ್ತೆ. ಮೊದಲು ಎರಡು ಸುತ್ತಿನ ಗಂಟು, ಮೇಲೆ ಒಂದೊಂದು ಸುತ್ತಿನವು ಎರಡು, ಪ್ರತಿ ಸಲ ಕೈ ಬದಲಿಸಿ. ಬಾಲದ ದಾರ ಸುಮಾರು 2 ಸೆಂ.ಮೀ. ಉಳಿಸು. ಉದ್ದ ಬಿಟ್ಟರೆ ಕುಣಿಕೆಯಿಂದ ಪೂರ್ತಿ ಹೊರಬರೋದಿಲ್ಲ. ತೀರಾ ಗಿಡ್ಡವಾದರೆ ಎಳೆಯುವಾಗ ತಪ್ಪಿಸಿಕೊಂಡುಬಿಡುತ್ತೆ.

ದಿನಕ್ಕೆ 20 ನಿಮಿಷ ಮಾಡು. ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೆ ಕೊನೆಯ ಎರಡು ಗಂಟೆ ದಣಿದ ಕೈಗೆ ಪಾಠ ಹೇಳಿದಂತೆ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಪೆಟ್ಟಿಗೆಯೂ ಬೇಡ, ಗೇಮೂ ಬೇಡ. ಮಲಗು.

ಇಷ್ಟೆಲ್ಲ ಗೇಮಿನಿಂದ ಪಡೆಯಬಹುದಾದದ್ದು. ಅದು ಕಲಿಸದೇ ಇರೋದು ಕಾಯೋದನ್ನ. ಕರುಳಿನ ಜೋಡಣೆ ಮುಗಿಸಿ ಕೈತೊಳೆದಾಗ ಯಾವ ಸ್ಕೋರೂ ಮೂಡೋದಿಲ್ಲ. ಅದು ಸೋರಿದರೆ ಸಾಮಾನ್ಯವಾಗಿ ಐದನೇ-ಏಳನೇ ದಿನ ತಿಳಿಯುತ್ತೆ, ಅದೂ ನಾಡಿ ಏರಿದ್ದನ್ನು, ಹೊಟ್ಟೆ ಉಬ್ಬಿದ್ದನ್ನು ಯಾರಾದರೂ ಗಮನಿಸಿದರೆ. ಅಷ್ಟರಲ್ಲಿ ನಿನ್ನ ಪೋಸ್ಟಿಂಗ್ ಬದಲಾಗಿರಬಹುದು, ನಿನ್ನ ತಪ್ಪು ನಿನ್ನ ಕಿವಿಗೆ ಬೀಳದೇ ಹೋಗಬಹುದು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೇಸಿಗೂ ಒಂದು ಸಾಲು ಬರಿ: ದಿನಾಂಕ, ಹೆಸರಿಲ್ಲದೆ ಒಂದು ಗುರುತು, ನೀನು ಮಾಡಿದ ಭಾಗ, ಅನುಮಾನ ಬಂದ ಹೊಲಿಗೆ. ಪಕ್ಕದಲ್ಲಿ ಮೂರು ಖಾಲಿ ಮನೆ ಬಿಡು: 3ನೇ ದಿನ, 7ನೇ ದಿನ, 30ನೇ ದಿನ. ಆ ದಿನಗಳಂದು ವಾರ್ಡಿಗೆ ಹೋಗು, ಡಿಸ್ಚಾರ್ಜ್ ಆಗಿದ್ದರೆ ಓಪಿಡಿ ಚೀಟಿ ನೋಡಿ ತುಂಬು. 7ರ ಮನೆ ಖಾಲಿ ಉಳಿದಿದ್ದರೆ ಆ ಕೇಸು ಚೆನ್ನಾಗಿ ಆಯಿತು ಅಂತ ಹೇಳಿಕೊಳ್ಳಬೇಡ.

ಅಭ್ಯಾಸ ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕು. ಹಾಸ್ಟೆಲ್ ರೂಮಿನಲ್ಲಿ ಬರಿಗಾಲಲ್ಲಿ ಓಡಾಡ್ತೀಯ.

ಪ್ರೀತಿಯಿಂದ,
ಅಮ್ಮ