ರೆಕ್ಕೆ ಕಿತ್ತುಹಾಕಲಿ

ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ಅಣ್ಣನಿಗೆ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಚಿನ್ನು ಶಾಲೆಯ ವಸ್ತುಪ್ರದರ್ಶನಕ್ಕೆ ಮಾಡುತ್ತಿರುವ, ಇಲ್ಲಿ ಹಿಂದೆ ಇದ್ದು ಅಳಿದುಹೋದ ಮೋವಾ ಹಕ್ಕಿಯ ಮಾದರಿಯ ಫೋಟೋ ಅತ್ತಿಗೆ ಕಳಿಸಿದ್ದರು. ಚೆನ್ನಾಗಿದೆ, ಆದರೆ ಅದು ಉಷ್ಟ್ರಪಕ್ಷಿ!

ಮೊದಲು ರೆಕ್ಕೆ ಕಿತ್ತುಹಾಕಲಿ. ಉಷ್ಟ್ರಪಕ್ಷಿ, ಎಮು, ಕಿವಿ ಹಕ್ಕಿ ಇವೆಲ್ಲ ಹಾರದಿದ್ದರೂ ರೆಕ್ಕೆಯ ಮೂಳೆ ಉಳಿಸಿಕೊಂಡಿವೆ. ಮೋವಾಕ್ಕೆ ಒಂದೂ ಇರಲಿಲ್ಲ. ಆಮೇಲೆ ಕತ್ತು. ಹಳೆಯ ಮ್ಯೂಸಿಯಂಗಳು ನೋಡುವವರು ಬೆರಗಾಗಲಿ ಅಂತ ಅಸ್ಥಿಪಂಜರದ ಕತ್ತನ್ನು ನೆಟ್ಟಗೆ ನಿಲ್ಲಿಸಿಬಿಟ್ಟವು, ಚಿತ್ರಗಳೂ ಹಾಗೇ ಬಂದವು. ಮೋವಾದ ಕತ್ತು ತಲೆಬುರುಡೆಗೆ ಸೇರುವುದು ಹಿಂದಿನಿಂದ, ಕೆಳಗಿನಿಂದಲ್ಲ. ಹಾಗಾಗಿ ತಲೆ ಮುಂದಕ್ಕೆ ಚಾಚಿರುತ್ತಿತ್ತು. ತಂತಿಯನ್ನು ಎಸ್ ಆಕಾರಕ್ಕೆ ಬಗ್ಗಿಸಿದರೆ ಸರಿಹೋಗುತ್ತದೆ.

ಇಲ್ಲಿನ ದಕ್ಷಿಣ ದ್ವೀಪದ ದೈತ್ಯ ಮೋವಾದ ಹೆಣ್ಣು ಬೆನ್ನಿನ ಮಟ್ಟಕ್ಕೇ ಸುಮಾರು 2 ಮೀಟರ್, ತೂಕ 200 ಕೆಜಿಗೂ ಮೇಲೆ. ಹತ್ತರಲ್ಲೊಂದು ಅಳತೆಗೆ 20 ಸೆಂ.ಮೀ. ಇಡಲಿ. ಪಕ್ಕದಲ್ಲಿ ಗಂಡು ಬೇಕಿದ್ದರೆ 13–14 ಸೆಂ.ಮೀ. ಸಾಕು. ಗಂಡು ಅಷ್ಟು ಚಿಕ್ಕದು. 2003ರಲ್ಲಿ ಮೂಳೆಯ ಡಿಎನ್‌ಎ ನೋಡುವವರೆಗೂ ಅದನ್ನು ಬೇರೆ ಜಾತಿ ಅಂತಲೇ ಲೆಕ್ಕ ಹಾಕಿದ್ದರು. ಮೊಟ್ಟೆಗೆ ಕಾವು ಕೊಡುತ್ತಿದ್ದುದೂ ಗಂಡೇ ಇರಬೇಕು, ಚಿಪ್ಪಿನ ಹೊರಮೈಯಲ್ಲಿ ಗಂಡಿನ ಡಿಎನ್‌ಎ ಸಿಕ್ಕಿದೆ. ಮೊಟ್ಟೆ 24 ಸೆಂ.ಮೀ. ಉದ್ದ, ಚಿಪ್ಪು ಮಾತ್ರ 1.5 ಮಿ.ಮೀ. ಕೂಡ ಇಲ್ಲ! ಹೆಣ್ಣು ಕೂತಿದ್ದರೆ ಏನು ಉಳಿಯುತ್ತಿತ್ತು?

ಪುಕ್ಕಕ್ಕೆ ಬಣ್ಣದ ಕಾಗದ ಬೇಡ. ಕೂದಲಿನಂಥ ಸಡಿಲ ಪುಕ್ಕ ಅದರದ್ದು, ತೆಂಗಿನ ನಾರು ಬಿಡಿಸಿ ಅಂಟಿಸಲಿ. ಕಾಲಿಗೆ ದಪ್ಪ ತಂತಿಯನ್ನೇ ಹಾಕು, ತೆಳುವಾದರೆ ಮೈಭಾರಕ್ಕೆ ಮಂಡಿ ಮಡಚಿಕೊಳ್ಳುತ್ತದೆ.

ಫಲಕದ ಮೇಲೆ ‘ಹವಾಮಾನ ಬದಲಾಗಿ ನಾಶವಾಯಿತು’ ಅಂತ ಬರೆದಿದ್ದಾನಲ್ಲ, ಅದನ್ನು ಹೊಡೆದುಹಾಕಲಿ. 13ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಪೂರ್ವಜರು ಪೆಸಿಫಿಕ್ ಸಾಗರದ ಪಾಲಿನೇಷಿಯಾ ದ್ವೀಪಗಳಿಂದ ಬಂದರು. ಸುಮಾರು 150 ವರ್ಷಗಳಲ್ಲಿ ಮೋವಾದ ಒಂಬತ್ತೂ ಜಾತಿ ಮುಗಿದವು. ಬಂದವರೇನೂ ಬಹಳ ಜನ ಅಲ್ಲ. ಆದರೆ ಮೋವಾ ಬೆಳೆಯುವುದೇ ನಿಧಾನ. ಮರದ ಕಾಂಡದಲ್ಲಿರುವಂತೆ ಮೂಳೆಯಲ್ಲೂ ಬೆಳವಣಿಗೆಯ ಗೆರೆಗಳಿವೆ. ಪ್ರಾಯಕ್ಕೆ ಬರಲು ಹಲವು ವರ್ಷ ಬೇಕಿತ್ತು ಅಂತ ಅವು ತೋರಿಸುತ್ತವೆ. ಅಷ್ಟರವರೆಗೆ ದೊಡ್ಡ ಮೋವಾಗಳಿಗಿದ್ದ ಶತ್ರು ಹಾಸ್ಟ್ ಹದ್ದು ಒಂದೇ. ಮನುಷ್ಯರು ಮೊಟ್ಟೆಯಿಡುವ ಹಕ್ಕಿಯನ್ನೂ ತಿಂದರು, ಮೊಟ್ಟೆಯನ್ನೂ ತೆಗೆದರು. ಸತ್ತದ್ದರ ಜಾಗಕ್ಕೆ ಬರಲು ಮರಿಗಳೇ ಇಲ್ಲದಾದವು. ಹೊಟ್ಟೆಪಾಡಿಗೆ ಮೋವಾವನ್ನೇ ನಂಬಿದ್ದ ಆ ಹದ್ದೂ ಹಿಂದೆಯೇ ಹೋಯಿತು.

ಜಾಗ ಉಳಿದರೆ ಹದ್ದನ್ನೂ ಮಾಡಲಿ, ಅದಕ್ಕೆ ರೆಕ್ಕೆ ಇರಲಿ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಂಗಿ