ಕ್ಲೇಮ್ ಆಗಲ್ಲ ಅಂದ್ರೆ ಕಾರಣ ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂದರೆ ನೀರು ನುಗ್ಗಿದ ಅಂಗಡಿ, ಗೋದಾಮುಗಳ ಫೋಟೊ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ. ನೀರು ಇಳಿದ ಮೇಲೆ ವಿಮೆ ಕಚೇರಿಯಲ್ಲಿ ನಡೆಯುವ ಕಥೆ ಮಾತ್ರ ಬರೋದು ಕಡಿಮೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾದರೂ ಕತ್ತರಿ ಹಾಕಬೇಡಿ.

ನಮ್ಮ ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗ ಕಡೆ ಮಗ್ಗದ ಸದ್ದು ಇಲ್ಲದ ಓಣಿ ಹುಡುಕಬೇಕು. ಬಳ್ಳಾರಿ ನಾಲಾ ಉಕ್ಕಿದರೆ ಮೊದಲು ಎದೆ ಹೊಡೆದುಕೊಳ್ಳೋದು ನಮ್ಮ ಕಡೆಯವರದೇ. 2019ರ ಆಗಸ್ಟ್ ತಿಂಗಳ ನೆರೆ ಯಾರೂ ಮರೆತಿಲ್ಲ. ಆಮೇಲೆ ಒಂದಷ್ಟು ಜನ ತಾವಾಗಿ ವಿಮೆ ಮಾಡಿಸಿದರು, ಇನ್ನು ಕೆಲವರಿಗೆ ಬ್ಯಾಂಕಿನವರೇ ಸಾಲದ ಜೊತೆ ಮಾಡಿಸಿ ಖಾತೆಯಿಂದ ಪ್ರೀಮಿಯಂ ಕಡಿತ ಮಾಡಿಕೊಂಡರು, ಪಾಲಿಸಿ ಕಾಗದ ಎಲ್ಲಿದೆ ಅಂದರೆ ಮುಖ ಮುಖ ನೋಡುತ್ತಾರೆ.

ನಮ್ಮ ಓಣಿಯ ಹಿರಿಯ ನೇಕಾರರೊಬ್ಬರ ಮಗ್ಗದ ಮನೆಗೆ ಒಮ್ಮೆ ಮೊಣಕಾಲುದ್ದ ನೀರು ಬಂತು. ಮೋಟಾರಿನೊಳಗೆ ಕೆಸರು. ನೂಲಿನ ಕೋನುಗಳ ರಟ್ಟು ಉಬ್ಬಿ ಬಿಚ್ಚಿಕೊಂಡಿತ್ತು, ಹಾಸು ನೂಲು ಸುತ್ತಿದ ಬೀಮಿನ ಕೆಳಭಾಗದಲ್ಲಿ ಕೆಂಪು ಬಣ್ಣ ಇಳಿದು ಬಿಳಿ ಎಳೆಗೆ ಹತ್ತಿತ್ತು. ಅವರು ಮೊದಲು ಮನೆಮಂದಿಯನ್ನು ನೋಡಿಕೊಂಡರು, ಕಂಪನಿಗೆ ತಿಳಿಸಿದ್ದು ತಡವಾಗಿ. ತಡ ಆಗಿದ್ದು ನಿಜ, ಅದನ್ನು ಅವರೂ ಮುಚ್ಚಿಟ್ಟಿಲ್ಲ. ಆದರೂ ಕಂಪನಿ ನಷ್ಟ ಅಂದಾಜು ಮಾಡುವ ಸರ್ವೇಯರ್‌ನನ್ನು ಕಳಿಸಿತು. ಆತ ಫೋಟೊ ಹೊಡೆದ, ಕೋನು ಎಣಿಸಿದ, ಸ್ಟಾಕ್ ಪುಸ್ತಕ ಕೇಳಿದ, ಜಿಎಸ್‌ಟಿ ಬಿಲ್ಲು ಕೇಳಿದ, ಕೊಟ್ಟಿದ್ದನ್ನೇ ಮತ್ತೆ ಕೇಳಿದ. ತಡದ ಮಾತೇ ಇಲ್ಲ. ಕೊನೆಗೆ ಬಂದ ತಿರಸ್ಕಾರ ಪತ್ರದಲ್ಲಿ ಇದ್ದದ್ದು ಒಂದೇ ಕಾರಣ, ಸ್ಟಾಕ್ ಲೆಕ್ಕ ತಾಳೆ ಆಗುವುದಿಲ್ಲ ಅಂತ. ಇವರು ಬಿಲ್ ಸಮೇತ ಲೆಕ್ಕ ತಾಳೆ ಮಾಡಿ ಕಳಿಸಿದರೆ ಈಗ ಹೊಸ ರಾಗ: ನೀವು ತಡವಾಗಿ ತಿಳಿಸಿದ್ದೀರಿ, ಪಾಲಿಸಿ ಷರತ್ತು ಮುರಿದಿದ್ದೀರಿ. ಇದ್ಯಾವ ನ್ಯಾಯ ರೀ?

ಹೀಗೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಯಾವಾಗಲೋ ಹೇಳಿಬಿಟ್ಟಿದೆ. 2016ರ ಗಲಾಡ ಪವರ್ ಪ್ರಕರಣದಲ್ಲೂ ತಡದ್ದೇ ತಕರಾರು. ತಡ ಗೊತ್ತಿದ್ದೂ ಕಂಪನಿ ಸರ್ವೇಯರ್‌ನನ್ನು ನೇಮಿಸಿತ್ತು, ತಿರಸ್ಕಾರ ಪತ್ರದಲ್ಲಿ ಆ ಮಾತು ಎತ್ತಿರಲಿಲ್ಲ. ಹಾಗಾಗಿ ಆ ಹಕ್ಕನ್ನು ಕಂಪನಿ ತಾನೇ ಬಿಟ್ಟುಕೊಟ್ಟಂತೆ ಅಂತ ಕೋರ್ಟ್ ಹೇಳಿತು. 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಇದನ್ನೇ ಇನ್ನೂ ಗಟ್ಟಿ ಮಾಡಿತು, ತಿರಸ್ಕಾರ ಪತ್ರದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಗ್ರಾಹಕರ ಆಯೋಗದ ಮುಂದೆ ತರುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಹೇಳದೆ ಬಿಟ್ಟರೆ ಜನರ ದಾರಿ ತಪ್ಪಿಸಿದ ಹಾಗೆ. ಸರ್ವೇಯರ್ ಬಂದ, ಇನ್ನು ಹಣ ಬಂದೇ ಬರುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. 2018ರ ಸೋನೆಲ್ ಕ್ಲಾಕ್ಸ್ ಪ್ರಕರಣದಲ್ಲೂ ಸರ್ವೇಯರ್ ನೇಮಕ ಆಗಿತ್ತು, ಆದರೆ ತಿರಸ್ಕಾರ ಪತ್ರದಲ್ಲೇ ತಡದ ಕಾರಣ ಸ್ಪಷ್ಟವಾಗಿ ಬರೆದಿದ್ದರು. ಅಲ್ಲಿ ಕಂಪನಿಯೇ ಗೆದ್ದಿತು. ಅಂದರೆ ಎಲ್ಲವೂ ನಿಂತಿರೋದು ಆ ಒಂದು ಪತ್ರದ ಮೇಲೆ.

ಈ ಗುಟ್ಟು ಕಂಪನಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಎಷ್ಟೋ ಸಲ ಪತ್ರವೇ ಕೊಡಲ್ಲ. ಏಜೆಂಟ್ ಫೋನ್ ಮಾಡಿ "ಸುಮ್ನೆ ಯಾಕೆ ಓಡಾಡ್ತೀರಿ, ಅದು ಆಗಲ್ಲ ಬಿಡ್ರಿ" ಅನ್ನುತ್ತಾನೆ. ನಮ್ಮ ಜನ ಬಿಟ್ಟೇ ಬಿಡುತ್ತಾರೆ! ಬಾಯಿಮಾತಿನಲ್ಲಿ ಹೇಳಿದ ಕಾರಣವನ್ನು ನಾಳೆ ಹೇಗೆ ಬೇಕಾದರೂ ತಿರುಗಿಸಬಹುದು, ಕಾಗದದ ಮೇಲಿದ್ದರೆ ತಿರುಗಿಸೋದು ಕಷ್ಟ. ಆದ್ದರಿಂದ ಆಗಲ್ಲ ಅಂದವರಿಗೆ ಒಂದೇ ಮಾತು ಹೇಳಿ: ಯಾವ ಷರತ್ತಿನ ಪ್ರಕಾರ ಆಗಲ್ಲ ಅಂತ ಬರೆದುಕೊಡಿ. ಕೊಡದಿದ್ದರೆ ನೀವೇ ಇಮೇಲ್ ಹಾಕಿ ಕೇಳಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ತಡದ ವಿಷಯಕ್ಕೇ ಬಂದರೆ, ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ತಪ್ಪಿಸಲಾಗದ ಕಾರಣಕ್ಕೆ ತಡವಾಗಿದ್ದರೆ ಅದೊಂದನ್ನೇ ನೆಪ ಮಾಡಿ ಕ್ಲೇಮ್ ತಳ್ಳಿಹಾಕಬೇಡಿ ಅಂತ. ಮನೆಯೊಳಗೆ ನೀರು ನಿಂತಿರುವಾಗ ಕಂಪನಿಯ ಫೋನ್ ನಂಬರ್ ಯಾರು ಹುಡುಕುತ್ತಾರೆ?

ಇನ್ನೊಂದು ಬಗೆಯೂ ಇದೆ. 2022ರ ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಅದು ಗೊತ್ತಿದ್ದೇ ಕಂಪನಿ ಪಾಲಿಸಿ ಕೊಟ್ಟಿತ್ತು, ಪ್ರೀಮಿಯಂ ತೆಗೆದುಕೊಂಡಿತ್ತು. ಬೆಂಕಿ ಬಿದ್ದಾಗ ಮಾತ್ರ ನೆಲಮಾಳಿಗೆಗೆ ವಿಮೆ ಇಲ್ಲ ಅನ್ನುವ ಷರತ್ತು ತೋರಿಸಿತು. ಅಂಥ ಷರತ್ತನ್ನು ಹಿಡಿದು ಹಣ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮಲ್ಲಿ ಕೆಳಮಹಡಿಯ ಗೋದಾಮು, ತಗಡಿನ ಶೆಡ್ಡು ಇರೋರು ಇದನ್ನು ಗಮನಿಸಬೇಕು. ಪಾಲಿಸಿ ಮಾಡಿಸುವಾಗಲೇ ಜಾಗದ ಫೋಟೊ ತೆಗೆದು ಕಂಪನಿಗೆ ಇಮೇಲ್ ಮಾಡಿಬಿಡಿ, ಆಮೇಲೆ ನಮಗೆ ಗೊತ್ತಿರಲಿಲ್ಲ ಅನ್ನಲು ಬಾಯಿ ಇರಲ್ಲ.

ಹಾಗಂತ ಕಂಪನಿ ಎಡವಿದ ಮಾತ್ರಕ್ಕೆ ಇಲ್ಲದ ವಿಮೆ ಹುಟ್ಟಿಕೊಳ್ಳಲ್ಲ. ಪ್ರೀಮಿಯಂ ಕಟ್ಟುವ ಮೊದಲು ಕಂಪನಿಗೆ ಹೊಣೆಯೇ ಇಲ್ಲ, ವಿಮಾ ಕಾಯ್ದೆಯ 64ವಿಬಿ ಕಲಂ ಹೇಳೋದೇ ಅದು. ಸುಳ್ಳು ಬಿಲ್ ಹಚ್ಚಿದವರ ಪರವಾಗಿ ನಾನಂತೂ ಬರೆಯುತ್ತಿಲ್ಲ, ಅಂಥವರಿಂದಲೇ ಸರಿಯಾಗಿರುವವರ ಫೈಲೂ ಕೊಳೆಯೋದು.

ದೂರು ಕೊಡೋದು ಅಂಥ ಖರ್ಚಿನ ಕೆಲಸವಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ, ಅತಿ ಸಣ್ಣ (ಮೈಕ್ರೋ) ಉದ್ದಿಮೆಯವರಿಗೂ ಅವಕಾಶ ಇದೆ. ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ, ಆದರೆ ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು. ಕಂಪನಿಯವರು "ನೋಡೋಣ, ನೋಡೋಣ" ಅಂತ ಎಳೆಯುತ್ತಿದ್ದರೆ ಆ ಲೆಕ್ಕ ಮಾತ್ರ ತಲೆಯಲ್ಲಿರಲಿ.

ನಮ್ಮ ಹಿರಿಯರ ದೂರು ಈಗ ತಯಾರಾಗುತ್ತಿದೆ. ತಿರಸ್ಕಾರ ಪತ್ರ ಇಂಗ್ಲಿಷಿನಲ್ಲಿತ್ತು, ಅವರ ಮೊಮ್ಮಗಳು ಓದಿ ಹೇಳಿದ ಮೇಲೇ ಅದರಲ್ಲಿ ತಡದ ಮಾತಿಲ್ಲ ಅನ್ನೋದು ಗೊತ್ತಾಗಿದ್ದು. ಬೆಳಗಾವಿಯಲ್ಲಿ ಪಾಲಿಸಿ ಮಾರುವಾಗ ಕನ್ನಡ, ಮರಾಠಿ ಎರಡೂ ಚೆನ್ನಾಗಿ ಮಾತಾಡುವ ಕಂಪನಿಗಳು ಕ್ಲೇಮ್ ಯಾಕೆ ಕೊಡಲ್ಲ ಅನ್ನೋದನ್ನೂ ನಮ್ಮ ಭಾಷೆಯಲ್ಲೇ ಬರೆದುಕೊಡಬೇಕು. ಪ್ರಾಧಿಕಾರ ಇದನ್ನು ಕಡ್ಡಾಯ ಮಾಡಲಿ, ನಮ್ಮ ನೇಕಾರ ಸಂಘಗಳೂ ಒತ್ತಾಯ ಮಾಡಲಿ.

– ಒಬ್ಬ ಮಗ್ಗದ ಮಾಲೀಕ, ವಡಗಾವಿ, ಬೆಳಗಾವಿ