ಹಳೇ ಹೊಲಿಗೆ ಮಿಷನ್‌ಗಳಿಗೆ ರಿಪೇರಿ ಕ್ಯಾಂಪ್ ಮಾಡಿ

ಮಾನ್ಯರೇ,

ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ವಿತರಿಸಿದ ಫೋಟೋ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ನೋಡಿದಾಗ ಸಂತೋಷವಾಗುತ್ತದೆ. ಹೊಲಿಗೆಯಿಂದಲೇ ಮಕ್ಕಳನ್ನು ಓದಿಸಿದವಳು ನಾನು. ಆದರೆ ಹೊಸ ಮಿಷನ್ ತೆಗೆದುಕೊಂಡು ಹೋಗುವ ಎಷ್ಟೋ ಮನೆಗಳ ಅಟ್ಟದಲ್ಲೋ ಹಿತ್ತಲಲ್ಲೋ ಒಂದು ಹಳೇ ಕರೀ ಮಿಷನ್ ಧೂಳು ಹಿಡಿದು ಕೂತಿರುತ್ತದೆ. ಅದು ಯಾಕೆ ನಿಂತಿತು ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳಿ ಅಂತ ಹೇಳುವುದಕ್ಕೇ ಈ ಪತ್ರ.

ನಮ್ಮದು ತಿಪಟೂರು. ಇಲ್ಲಿ ಕೊಬ್ಬರಿ ಎಣ್ಣೆ ಇಲ್ಲದ ಮನೆ ಇಲ್ಲ. ತಲೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ. ಬಾಗಿಲಿಗೆ ಏನೂ ಆಗುವುದಿಲ್ಲ, ಮಿಷನ್ನಿಗೆ ಆಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮಾಗಿ ಚಳಿಯಲ್ಲಿ ಬೆಳಿಗ್ಗೆ ಶೀಶೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ಎಲ್ಲರೂ ನೋಡಿದ್ದೇವೆ. ಮಿಷನ್ನಿನ ಒಳಗೂ ಹಾಗೇ ಆಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬಿಸಿಲಿಗೂ ಕರಗದ ಅಂಟಾಗಿ, ದಾರದ ಜುಂಗು, ಧೂಳು ಎಲ್ಲ ಸೇರಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಚಕ್ರ ತಿರುಗುವುದಿಲ್ಲ. ಮನೆಯವರು ‘ತುಕ್ಕು ಹಿಡಿದು ಹೋಯಿತು’ ಅನ್ನುತ್ತಾರೆ.

ನಮ್ಮ ಬೀದಿಯ ಒಬ್ಬಾಕೆಯ ಮನೆಯಲ್ಲಿ ಅತ್ತೆ ಕಾಲದ ಉಷಾ ಮಿಷನ್ ಹೀಗೇ ನಿಂತಿತ್ತು. ಈಚೆಗೆ ಆಕೆಗೆ ಹೊಸದೊಂದು ಸಿಕ್ಕಿತು. ಹಳೆಯದನ್ನು ತೂಕಕ್ಕೆ ಹಾಕಲು ಗುಜರಿಯವರನ್ನು ಕರೆದಿದ್ದರು. ನಾನು ಹೋಗಿ ತಡೆದೆ. ‘ಅಕ್ಕಾ, ಇದು ಅಲ್ಲಾಡೋದೂ ಇಲ್ಲ, ಇಟ್ಕೊಂಡು ಏನು ಮಾಡಲಿ?’ ಅಂದಳು. ಮಿಷನ್ನಿನ ತಲೆಯನ್ನು, ಅಂದರೆ ಸ್ಟ್ಯಾಂಡಿನ ಮೇಲಿನ ಹೊಲಿಯುವ ಭಾಗವನ್ನು, ಹಿಂದಕ್ಕೆ ಮಗುಚಿ ಕೆಳಗಿನಿಂದ ನೋಡಿದರೆ ತುಕ್ಕು ಎಲ್ಲಿಯೂ ಇರಲಿಲ್ಲ. ಕಂದು ಬಣ್ಣದ ಅಂಟು, ಅಷ್ಟೇ. ಎಣ್ಣೆ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ರಾತ್ರಿ ನೆನೆಯಲು ಬಿಟ್ಟೆವು. ಮಾರನೇ ದಿನ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸುತ್ತಾ ಹೋದೆವು. ಮೊದಲು ಕೂದಲೆಳೆಯಷ್ಟು ಸರಿಯಿತು, ಆಮೇಲೆ ಅರ್ಧ ಸುತ್ತು, ಆಮೇಲೆ ಪೂರ್ತಿ. ಕೆಳಗಿನ ದಾರದ ಬಾಬಿನ್ ಕೂರುವ ಶಟಲ್ ಬಿಚ್ಚಿ ಜುಂಗು ತೆಗೆದು, ಒರೆಸಿ, ಒಳ್ಳೆಯ ಮಿಷನ್ ಎಣ್ಣೆ ಹಾಕಿದೆವು. ಸೀಮೆಎಣ್ಣೆ ಬರೀ ತೊಳೆಯುವುದಕ್ಕೆ. ಹಾಗೇ ಬಿಟ್ಟರೆ ಒಣಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಹೊಸ ಸೂಜಿ ಹಾಕಿ ತುಳಿದಾಗ ಹೊಲಿಗೆ ಎಷ್ಟು ನೇರವಾಗಿ ಬಿತ್ತೆಂದರೆ ಆಕೆಯ ಕಣ್ಣು ತುಂಬಿತು. ಆ ಗೌರಿ ಹಬ್ಬದ ರವಿಕೆಗಳೆಲ್ಲ ಅದರಲ್ಲೇ ಹೊಲಿದಳು. ಹೊಸದರಲ್ಲಿ ಈಗ ಮಗಳು ಕಲಿಯುತ್ತಿದ್ದಾಳೆ.

ಎಲ್ಲ ಮನೆಗಳಲ್ಲಿ ಹೀಗಾಗುವುದಿಲ್ಲ. ತಲೆ ಗುಜರಿಗೆ ಹೋಗುತ್ತದೆ, ಎರಕದ ಸ್ಟ್ಯಾಂಡ್ ಬೆಂಗಳೂರಿನ ಹೋಟೆಲಿನಲ್ಲಿ ಟೇಬಲ್ ಆಗುತ್ತದೆ. ಒಂದು ಸಂಸಾರ ಸಾಕಬಲ್ಲ ವಸ್ತು ಅದು. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಹಳೆಯದು ಅನ್ನುವ ಮೋಹಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಈ ಮಿಷನ್‌ಗಳ ಮೈ ಎರಕದ ಕಬ್ಬಿಣ, ಒಳಗಿನ ದಂಡಗಳು ಉಕ್ಕು. ಸವೆದ ಕಡೆ ಸ್ಕ್ರೂ ಬಿಗಿಮಾಡಿ ಸರಿಪಡಿಸಿಕೊಳ್ಳುವ ಹಾಗೆಯೇ ಕಟ್ಟಿದ್ದಾರೆ. ಈಗ ಮಾರುವ ಕೆಲವು ಅಗ್ಗದ ಮಿಷನ್‌ಗಳಲ್ಲಿ ಗೇರು ಪ್ಲಾಸ್ಟಿಕ್ಕಿನದು. ಅದು ಸೀಳಿದರೆ ಬದಲಾಯಿಸಬೇಕು. ಅದೇ ಗೇರು ಸಿಗದಿದ್ದರೆ ಇಡೀ ಮಿಷನ್ ಮೂಲೆಗೆ. ಜೀನ್ಸ್ ಪ್ಯಾಂಟಿನ ಕಾಲು ಮಡಚಿ ಹೊಲಿಯುವಾಗ ಪಕ್ಕದ ಹೊಲಿಗೆ ಸೇರುವ ಜಾಗದಲ್ಲಿ ಬಟ್ಟೆ ಎಷ್ಟು ಪದರ ಬರುತ್ತದೆ, ಹೊಲಿಯುವವರಿಗೆ ಗೊತ್ತು. ಕರೀ ಮಿಷನ್ನಿಗೆ 16 ಅಥವಾ 18ನೇ ನಂಬರ್ ಸೂಜಿ ಹಾಕಿ, ಆ ಜಾಗದಲ್ಲಿ ಕಾಲು ಬಿಟ್ಟು ಕೈಯಿಂದ ಚಕ್ರ ತಿರುಗಿಸಿದರೆ ದಾಟಿಕೊಂಡು ಹೋಗುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬೆಲ್ಟ್ ಸಡಿಲವಾದರೆ ತುಸು ಕತ್ತರಿಸಿ ಕೊಕ್ಕೆ ಹಾಕಿದರಾಯಿತು.

ನನ್ನದು ಸಿಂಗರ್ ಕಂಪನಿಯ 15ಕೆ ಮಾದರಿ, ನಮ್ಮತ್ತೆಯವರದ್ದು. ಆ ‘ಕೆ’ ಅಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ. ಸೀರಿಯಲ್ ನಂಬರ್ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಅಲ್ಲಿ ಆ ಪದ್ಧತಿ ಬಂದದ್ದು 1935ರಲ್ಲಿ, ಆದ್ದರಿಂದ ಇದು ಆಮೇಲಿನದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಅಲ್ಲಿನ ರೈಲು ನಿಲ್ದಾಣಕ್ಕೆ ಮಾತ್ರ ಈಗಲೂ ‘ಸಿಂಗರ್’ ಅಂತಲೇ ಹೆಸರು. ಹಾಗಾದರೆ ಬಿಡಿಭಾಗ ಎಲ್ಲಿಂದ ತರುತ್ತೀರಿ ಅಂತ ಜನ ಕೇಳುತ್ತಾರೆ. ನಮ್ಮೂರಿನ ಅಂಗಡಿಯಿಂದಲೇ! ಕೋಲ್ಕತ್ತದಲ್ಲಿ ತಯಾರಾದ ಉಷಾ ಇರಲಿ, ಮೆರಿಟ್ ಇರಲಿ, ಲೂಧಿಯಾನದಲ್ಲಿ ಮಾಡುವ ಹಲವು ಹೆಸರಿನ ಮಿಷನ್‌ಗಳಿರಲಿ, ಮನೆಬಳಕೆಯ ಕರೀ ಮಿಷನ್‌ಗಳು ಹೆಚ್ಚಾಗಿ ಇದೇ 15ರ ಮಾದರಿಯಲ್ಲಿ ಬಂದವು. ಬಾಬಿನ್, ಬಾಬಿನ್ ಕೇಸ್, ಶಟಲ್, ಸೂಜಿ ಒಂದರದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುತ್ತವೆ. ಇಷ್ಟು ಸುಲಭವಾಗಿ ರಿಪೇರಿಯಾಗುವ ವಸ್ತು ನಮ್ಮ ಮನೆಗಳಲ್ಲಿ ಬೇರೆ ಯಾವುದಿದೆ ಹೇಳಿ? ಜಿಗ್‌ಜಾಗ್, ಸೀರೆಯಂಚಿನ ಪಿಕೋ ಇದರಲ್ಲಿ ಬರುವುದಿಲ್ಲ, ನಿಜ. ನಾನೂ ಸೀರೆಗಳನ್ನು ಪಿಕೋಗೆ ಹೊರಗಡೆ ಕೊಡುತ್ತೇನೆ. ರವಿಕೆ, ಲಂಗ, ಸ್ಕೂಲ್ ಯೂನಿಫಾರಂ, ದಿಂಬಿನ ಕವರ್, ಹರಿದದ್ದಕ್ಕೆ ತೇಪೆ, ಇದಕ್ಕೆಲ್ಲ ನೇರ ಹೊಲಿಗೆ ಸಾಕು.

ಇಲ್ಲದಿರುವುದು ಕೈ ಹಾಕುವವರು. ಹಿಂದೆ ಒಬ್ಬ ತಾತ ಸೈಕಲ್ಲಿಗೆ ಚೀಲ ಸಿಕ್ಕಿಸಿಕೊಂಡು ಬೀದಿ ಬೀದಿಗೆ ಬರುತ್ತಿದ್ದರು. ನನಗೆ ಗೊತ್ತಿರುವುದೆಲ್ಲ ಅವರ ಪಕ್ಕ ಕೂತು ನೋಡಿ ಕಲಿತದ್ದು. ಬಟ್ಟೆಯ ಅಡಿಯಲ್ಲಿ ದಾರ ಗಂಟು ಗಂಟಾದರೆ ಎಲ್ಲರೂ ಕೆಳಗಿನ ಬಾಬಿನ್ನನ್ನೇ ಬೈಯುತ್ತಾರೆ. ‘ತಪ್ಪು ಮೇಲಿರುತ್ತಮ್ಮ, ಕೆಳಗೆ ಹುಡುಕಬೇಡ’ ಅನ್ನುತ್ತಿದ್ದರು ತಾತ. ಹೆಚ್ಚಿನ ಸಲ ಮೇಲಿನ ದಾರ, ಅದನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಬಟ್ಟೆ ಒತ್ತಿಹಿಡಿಯುವ ಫುಟ್ ಎತ್ತಿ, ಮೊದಲಿನಿಂದ ಪೋಣಿಸಿದರೆ ಸರಿಹೋಗುತ್ತದೆ. ಸೂಜಿಯ ಚಪ್ಪಟೆ ಬದಿ ತಿರುಗುಮುರುಗಾದರೆ ಹೊಲಿಗೆಯೇ ಬೀಳುವುದಿಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಮಿಷನ್ ಅಟ್ಟ ಸೇರಿವೆಯೋ. ತಾತ ಈಗಿಲ್ಲ. ಅವರ ಕೆಲಸ ಮುಂದುವರಿಸುವವರೂ ನಮ್ಮ ಕಡೆ ಕಾಣುತ್ತಿಲ್ಲ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ವೋಚರ್ ಇದೆ. ಒಳ್ಳೆಯ ಯೋಜನೆ. ಆ ದಿನಗಳಲ್ಲಿ ಪೂರಾ ಒಂದು ದಿನ ಮಿಷನ್ ಬಿಚ್ಚುವುದಕ್ಕೆ, ತೊಳೆಯುವುದಕ್ಕೆ, ಶಟಲ್ ಕೂರಿಸುವುದಕ್ಕೆ, ಟೆನ್ಷನ್ ಹೊಂದಿಸುವುದಕ್ಕೆ ಇಡಲಿ. ಹೊಸ ಮಿಷನ್ ಪಡೆದವರಿಗೂ ಇದು ಬೇಕೇ ಬೇಕು, ಎರಡು ವರ್ಷ ಕಳೆದರೆ ಅದೂ ಹಳೆಯದೇ ಅಲ್ವಾ? ಮನೆಯಲ್ಲಿ ಹಳೆಯದು ಇರುವವರು ಬಯಸಿದರೆ ವೋಚರ್ ಹಣದಲ್ಲೇ ಅದನ್ನು ರಿಪೇರಿ ಮಾಡಿಸಿ, ಉಳಿದದ್ದಕ್ಕೆ ಕತ್ತರಿ, ಇಸ್ತ್ರಿ ಪೆಟ್ಟಿಗೆ, ಮೋಟಾರ್ ಕೊಳ್ಳುವಂತಿರಲಿ. ಐಟಿಐಗಳಲ್ಲಿ ಹೊಲಿಗೆ ಕಲಿಯುವ ಹುಡುಗಿಯರಿದ್ದಾರೆ, ಫಿಟ್ಟರ್ ಹುಡುಗರಿದ್ದಾರೆ. ಇಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿದರೆ ಒಂದು ತಾಲ್ಲೂಕಿಗೆ ಬೇಕಾದಷ್ಟು ರಿಪೇರಿಯವರು ತಯಾರಾಗುತ್ತಾರೆ. ಅವರಿಗೆ ಅದೇ ಒಂದು ದುಡಿಮೆಯೂ ಆಗುತ್ತದೆ.

ಇದಕ್ಕೆಲ್ಲ ಆದೇಶ ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಸಂಜೀವಿನಿ ಮಹಿಳಾ ಒಕ್ಕೂಟ, ಸ್ತ್ರೀಶಕ್ತಿ ಸಂಘಗಳ ಜೊತೆ ಸೇರಿ ವರ್ಷಕ್ಕೆರಡು ಸಲ ರಿಪೇರಿ ಕ್ಯಾಂಪ್ ಮಾಡಬಹುದು. ದನಗಳಿಗೆ ಲಸಿಕೆ ಹಾಕುವ ದಿನ ಡಂಗುರ ಹಾಕಿಸುವ ಹಾಗೆ, ‘ನಿಮ್ಮ ಹಳೇ ಮಿಷನ್ ತಲೆ ಬಿಚ್ಚಿಕೊಂಡು ಬನ್ನಿ’ ಅಂತ ಸಾರಿಸಲಿ. ಸ್ಟ್ಯಾಂಡ್ ಹೊರಬೇಕಿಲ್ಲ, ತಲೆ ತಂದರೆ ಸಾಕು. ಎರಡು ಮೇಜು, ಸ್ಕ್ರೂಡ್ರೈವರ್, ಬ್ರಷ್, ಸೀಮೆಎಣ್ಣೆ, ಮಿಷನ್ ಎಣ್ಣೆ, ಒಂದಷ್ಟು ಸೂಜಿ, ಬಾಬಿನ್ ಕೇಸ್ ಇದ್ದರೆ ಕೆಲಸ ಶುರು ಮಾಡಬಹುದು. ತಿಪಟೂರು ತಾಲ್ಲೂಕಿನ ಯಾವ ಪಂಚಾಯಿತಿಯವರು ಇದಕ್ಕೆ ಮುಂದೆ ಬಂದರೂ ನನ್ನ ಸಲಕರಣೆ ತಗೊಂಡು ಬಂದು ಕೂರಲು ನಾನು ತಯಾರಿದ್ದೇನೆ. ಯಾರಿಂದಲೂ ಕೂಲಿ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಕಲಿಯುವ ಇಬ್ಬರು ಮೂವರು ಹುಡುಗಿಯರನ್ನು ಕಳಿಸಿಕೊಡಲಿ.

ಇಂತಿ,
ಹೊಲಿಗೆ ಕೆಲಸದ ಒಬ್ಬ ಗೃಹಿಣಿ, ತಿಪಟೂರು